ಮುಖ್ಯ ಅತಿಥಿಯ ಜೊತೆಗಾರ್ತಿ

ಆಗಸ್ಟ್ ೯

ಮಗಳೇ,

ಫೋನಿನಲ್ಲಿ ನಾನು ಹತ್ತು ಮಾತಾಡಿದರೆ ನಿನ್ನದು ಒಂದು "ಹೂಂ". ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ "ಆಮೇಲೆ ಮಾಡ್ತೀನಿ ಅಮ್ಮ" ಎಂದು ನನ್ನ ಮಾತನ್ನು ಅರ್ಧಕ್ಕೇ ತುಂಡರಿಸಲು ನಿನ್ನಿಂದಾಗದು.

ವಿಷಯ ಏನೆಂದರೆ, ನಮ್ಮ ಸೇವಾ ಕ್ಲಬ್ಬಿನ ಪ್ರಾಂತೀಯ ಸಮಾವೇಶ ಈ ಸಲ ನಮ್ಮೂರಿಗೆ ಬಂದಿದೆ. ಡಿಸೆಂಬರಿನಲ್ಲಿ, ಮೂರು ದಿನ. ಆತಿಥೇಯ ಕ್ಲಬ್ಬಿನ ಅಧ್ಯಕ್ಷೆ ಯಾರು ಗೊತ್ತೇ? ನಿನ್ನ ಹೆತ್ತ ತಾಯಿ! ನಿನ್ನ ಅಪ್ಪ ಇದ್ದಷ್ಟು ಕಾಲ ಇದೇ ಕ್ಲಬ್ಬಿನ ಸಭೆಗಳಲ್ಲಿ ಹಿಂದಿನ ಕೋಣೆಯಲ್ಲಿ ನಿಂತು ಕಾಫಿ ಬಗ್ಗಿಸಿದವಳು ನಾನು. ಅವರು ಹೋದ ಮೇಲೆ ಅವರ ಜಾಗಕ್ಕೆ ಸದಸ್ಯೆಯಾಗಿ ಬಂದಾಗ, "ಡ್ರಿಲ್ ಟೀಚರಮ್ಮ ಬಂದ್ರು, ಎಲ್ಲರೂ ಸಾಲಾಗಿ ನಿಂತ್ಕೊಳ್ರಪ್ಪ" ಎಂದು ಹಲ್ಲು ಕಿರಿದವರೇ ಈಗ ನನ್ನ ಕೊರಳಿಗೆ ಅಧ್ಯಕ್ಷರ ಸರ ಹಾಕಿದ್ದಾರೆ. ಅದೆಷ್ಟು ಭಾರ ಅಂತೀಯಾ! ಒಂದು ಸಭೆ ಮುಗಿಯುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತದೆ. ಆದರೂ ಮನೆಗೆ ಬಂದು ಕನ್ನಡಿಯ ಮುಂದೆ ಇನ್ನೊಂದು ಸಲ ಹಾಕಿಕೊಂಡು ನೋಡಿದೆ. ನಗಬೇಡ.

ಸಮಾವೇಶಕ್ಕೆ ಸಮುದ್ರದ ಬದಿಯ ಹಳೇ ಪುರಭವನವೇ ಗತಿ. ಕಿಟಕಿ ತೆರೆದರೆ ಅಲೆಯ ಸದ್ದಿಗೆ ಭಾಷಣ ಕೇಳಿಸುವುದಿಲ್ಲ, ಮುಚ್ಚಿದರೆ ಸೆಕೆಗೆ ಜನ ಕೂರುವುದಿಲ್ಲ. ಕಬ್ಬಿಣದ ಕುರ್ಚಿಗಳೆಲ್ಲ ಉಪ್ಪುಗಾಳಿಗೆ ತುಕ್ಕು ಹಿಡಿದಿವೆ. ಈ ಮಳೆಯಲ್ಲಿ ಹಿಂದಿನ ಮೆಟ್ಟಿಲಿನ ಕೆಳಗಿನ ಮಣ್ಣೆಲ್ಲ ಕೊಚ್ಚಿಹೋಗಿ ಮೆಟ್ಟಿಲು ಗಾಳಿಯಲ್ಲಿ ನಿಂತ ಹಾಗಿದೆ. ನಮ್ಮ ಕಾರ್ಯದರ್ಶಿ, ಅದೇ ಮರದ ಡಿಪೋದವರು, "ಒಂದು ಹಲಗೆ ಹೊಡೆದು ಮುಚ್ಚೋಣ ಬಿಡಿ ಮೇಡಂ" ಎನ್ನುತ್ತಾರೆ. ಅವರ ಬಳಿ ಎಲ್ಲದಕ್ಕೂ ಒಂದು ಹಲಗೆ ಇದೆ.

ನೀನು ಬರಲೇಬೇಕು. ಮೊದಲ ಸಾಲಿನಲ್ಲಿ ನೀನೂ ನಿನ್ನ ತಂಗಿಯೂ ಕೂತಿರುವುದನ್ನು ವೇದಿಕೆಯ ಮೇಲಿನಿಂದ ನಾನು ನೋಡಬೇಕು. ಪುಟ್ಟಿಗೂ ಅದೇ ಆಸೆ.

ಇಷ್ಟಕ್ಕೆ ನಿಲ್ಲಿಸುತ್ತೇನೆ, ಹಾಲು ಉಕ್ಕುತ್ತಿದೆ.
ಅಮ್ಮ

ಆಗಸ್ಟ್ ೨೦

ಅಮ್ಮ,

ನಿನ್ನ ಕಾಗದ ಓದಿ ನಕ್ಕೆ. ನಿಜವಾಗಿಯೂ ಸಂತೋಷವಾಯಿತು. ಆ ಸರಕ್ಕೆ ನಿನ್ನಷ್ಟು ಯೋಗ್ಯರು ಅಲ್ಲಿ ಬೇರೆ ಯಾರೂ ಇಲ್ಲ.

ನನಗೆ ರಜೆ ಕಷ್ಟ. ರಕ್ತನಿಧಿಯಲ್ಲಿ ಇರುವುದೇ ನಾವು ಕೆಲವರು, ವರ್ಷದ ಕೊನೆಗೆ ಅಪಘಾತಗಳು ಹೆಚ್ಚು. ಶೀತಲ ಕೋಣೆಯ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟು ಬರಲಾಗುವುದಿಲ್ಲ.

ಸಮಾವೇಶಕ್ಕೆ ಮುಖ್ಯ ಅತಿಥಿ ಯಾರು?

ನಿನ್ನ ದೊಡ್ಡ ಮಗಳು

ಸೆಪ್ಟೆಂಬರ್ ೨

ಮಗಳೇ,

ಅಷ್ಟು ಬರೆದ ಅಮ್ಮನಿಗೆ ಇಷ್ಟೇ ಇಷ್ಟು ಉತ್ತರ! ಇರಲಿ, ಕಡೆಗೂ ಒಂದು ಪ್ರಶ್ನೆ ಕೇಳಿದೆಯಲ್ಲ, ಅದೇ ನನಗೆ ಹಬ್ಬ.

ಮುಖ್ಯ ಅತಿಥಿ ಇನ್ಯಾರು, ನಮ್ಮ ಕಣ್ಣಿನ ಡಾಕ್ಟರು. ಈ ಸಲ ಅವರಿಗೆ ಜೀವಮಾನದ ಸೇವಾ ಪ್ರಶಸ್ತಿ. ನಿನ್ನ ಅಜ್ಜಿಗೆ ಒಂದು ಕಾಸೂ ತೆಗೆದುಕೊಳ್ಳದೆ ಎರಡೂ ಕಣ್ಣಿನ ಆಪರೇಷನ್ ಮಾಡಿಕೊಟ್ಟ ಪುಣ್ಯಾತ್ಮರು. ಪಟ್ಟಿ ಬಿಚ್ಚಿದ ಕೂಡಲೇ ಅಜ್ಜಿ ನನ್ನ ಮುಖ ನೋಡಿ, "ಎಷ್ಟು ಬಡವಾಗಿದೀಯೇ" ಎಂದು ಅತ್ತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರ ಉಪಕಾರ ಈ ಮನೆಯ ಮೇಲೆ ದೊಡ್ಡದು.

ನಮ್ಮ ಕ್ಲಬ್ಬಿನ ಪದ್ಧತಿ ನಿನಗೆ ಹೊಸದಲ್ಲ. ಮುಖ್ಯ ಅತಿಥಿಗೆ ಒಬ್ಬರು ಜೊತೆಗಾರರು ಇರಬೇಕು, ಆತಿಥೇಯ ಕ್ಲಬ್ಬಿನ ಸದಸ್ಯರು ಅಥವಾ ಅವರ ಮನೆಯವರು. ನಿಲ್ದಾಣದಿಂದ ಕರೆತಂದು, ಅತಿಥಿಗೃಹದಲ್ಲಿ ಬೇಕುಬೇಡ ನೋಡಿ, ಮೂರೂ ದಿನ ನೆರಳಿನ ಹಾಗೆ ಜೊತೆಗಿದ್ದು, ಕೊನೆಗೆ ವೇದಿಕೆಯಲ್ಲಿ ಅವರ ಪರಿಚಯ ಭಾಷಣ ಮಾಡುವುದೂ ಜೊತೆಗಾರರದ್ದೇ ಕೆಲಸ. ಕಳೆದ ಸಲ ಸಮಾವೇಶ ನಮ್ಮೂರಿನಲ್ಲಿ ನಡೆದಾಗ ನೀನೇ ಅವರ ಜೊತೆಗಾರ್ತಿಯಾಗಿದ್ದೆ. ಈ ಸಲ ಪುಟ್ಟಿ! ಅವರೇ ಕೇಳಿದರಂತೆ, "ಟೀಚರಮ್ಮನ ಚಿಕ್ಕ ಮಗಳಿದ್ದಾಳಲ್ಲ, ಅವಳನ್ನೇ ಹಾಕಿ" ಅಂತ. ಅವಳು ಕಣ್ಣಿನ ಪರೀಕ್ಷೆಯ ಕೋರ್ಸು ಓದುತ್ತಿರುವುದು ಕೇಳಿ, ಮುಗಿದ ಮೇಲೆ ತಮ್ಮ ಆಸ್ಪತ್ರೆಯಲ್ಲೇ ತರಬೇತಿಗೆ ತೆಗೆದುಕೊಳ್ಳುತ್ತಾರಂತೆ. ಪುಟ್ಟಿಯ ಕಾಲು ನೆಲದ ಮೇಲಿಲ್ಲ.

ರಜೆಗೆ ಇನ್ನೊಮ್ಮೆ ಕೇಳಿ ನೋಡು.
ನಿನ್ನ ಹಾದಿ ನೋಡುವ
ಅಮ್ಮ

ಸೆಪ್ಟೆಂಬರ್ ೧೦

ಅಮ್ಮ,

ಪುಟ್ಟಿಯನ್ನು ಜೊತೆಗಾರ್ತಿಯಾಗಿ ಕಳಿಸಬೇಡ. ಆ ಆಸ್ಪತ್ರೆಗೂ ಬೇಡ. ಬೇರೆ ಯಾರ ಮಗಳನ್ನೂ ಕಳಿಸಬೇಡ. ಕ್ಲಬ್ಬಿನಲ್ಲಿ ಗಂಡಸರಿಗೇನು ಬರವೇ, ಅವರಲ್ಲೇ ಒಬ್ಬರು ಹೋಗಲಿ.

ಕಾರಣ ಕೇಳಬೇಡ. ನಾನು ನಿನ್ನನ್ನು ಇಲ್ಲಿಯ ತನಕ ಏನನ್ನೂ ಕೇಳಿಕೊಂಡಿಲ್ಲ. ಇದೊಂದನ್ನು ನಡೆಸಿಕೊಡು.

ದೊಡ್ಡ ಮಗಳು

ಸೆಪ್ಟೆಂಬರ್ ೧೯

ಮಗಳೇ,

ಕಾರಣ ಕೇಳಬೇಡ ಎಂದರೆ ಹೇಗೆ? ನಾನೇನು ನಿನ್ನ ರಕ್ತನಿಧಿಯ ಫ್ರಿಜ್ಜೇ, ಬಾಗಿಲು ಹಾಕಿದ ಕೂಡಲೇ ತಣ್ಣಗೆ ಕೂತುಕೊಳ್ಳಲು? ಕಾಗದವನ್ನು ಪುಟ್ಟಿಗೆ ತೋರಿಸಲಿಲ್ಲ. ತೋರಿಸಿದ್ದರೆ ಅಕ್ಕನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎನ್ನುತ್ತಿದ್ದಳು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಒಪ್ಪಿಕೊಂಡ ಮೇಲೆ ಬೇಡ ಎನ್ನುವುದು ಹೇಗೆ? ಮೊನ್ನೆ ಡಾಕ್ಟರೇ ಫೋನು ಮಾಡಿದ್ದರು. ಬಹಳ ಸರಳ ಮನುಷ್ಯ. "ದೊಡ್ಡವಳು ಹೇಗಿದ್ದಾಳೆ? ಮದುವೆ ಆಯ್ತಾ? ನನ್ನನ್ನ ನೆನೆಸ್ಕೊಳ್ತಾಳಾ?" ಎಂದು ವಿಚಾರಿಸಿದರು. "ಯಾಕೆ ನೆನೆಸ್ಕೊಳ್ಳಲ್ಲ ಸಾರ್" ಎಂದೆ.

ಅಕ್ಟೋಬರಿನಲ್ಲಿ ಅವರ ಕಣ್ಣಿನ ಶಿಬಿರ ಇಲ್ಲೇ ನಡೆಯುತ್ತದೆ. ಸಮಾವೇಶಕ್ಕೆ ಮುಂಚೆ ಒಂದು ಅಭ್ಯಾಸವಾಗಲಿ ಎಂದು ಪುಟ್ಟಿಯನ್ನು ಅವರ ಜೊತೆಗೆ ಹಾಕಿದ್ದೇವೆ. ಅದೇ ಅತಿಥಿಗೃಹ, ಮಹಡಿಯ ಮೇಲಿನ ಅದೇ ಸಮುದ್ರದ ಕಡೆಯ ಕೋಣೆ. ಅವರಿಗೆ ಅದೇ ಬೇಕಂತೆ.

ಹುಚ್ಚುಚ್ಚಾಗಿ ಯೋಚನೆ ಮಾಡದೆ ಸರಿಯಾಗಿ ಊಟ ಮಾಡು.
ಅಮ್ಮ

ಸೆಪ್ಟೆಂಬರ್ ೨೭

ಅಮ್ಮ,

ಹಾಗಾದರೆ ಕೇಳು. ಕೂತುಕೊಂಡು ಓದು.

ಆಗ ನನಗೆ ಹತ್ತೊಂಬತ್ತು. ಎರಡನೆಯ ದಿನ ಮಧ್ಯಾಹ್ನ ಅವರು, "ಭಾಷಣದ ಹಾಳೆ ಕೋಣೇಲಿ ಬಿಟ್ಟುಬಂದೆ, ತಂದುಕೊಡ್ತೀಯಾ ಮಗು" ಎಂದು ಕೀಲಿಕೈ ಕೊಟ್ಟರು. ನಾನು ಮೇಜಿನ ಮೇಲೆ ಹುಡುಕುತ್ತಿದ್ದೆ. ಹಾಳೆ ಅಲ್ಲಿರಲಿಲ್ಲ. ಅದು ಅವರ ಜೇಬಿನಲ್ಲೇ ಇತ್ತು. ನನ್ನ ಹಿಂದೆಯೇ ಬಂದು ಬಾಗಿಲ ಚಿಲಕ ಹಾಕಿದರು. ನಾನು ಕೂಗಿದೆ, ಅಮ್ಮ. ಕಿಟಕಿ ತೆರೆದೇ ಇತ್ತು. ಅಲೆಯ ಸದ್ದಿನಲ್ಲಿ ನನ್ನ ಕೂಗು ಯಾರಿಗೂ ಕೇಳಿಸಲಿಲ್ಲ. ಎಲ್ಲ ಮುಗಿದ ಮೇಲೆ ಅವರು ಕೈ ತೊಳೆದುಕೊಂಡರು, ಆಪರೇಷನ್ನಿಗೆ ಮುಂಚೆ ತೊಳೆಯುತ್ತಾರಲ್ಲ ಹಾಗೆ, ಮೊಣಕೈ ತನಕ. "ನಿಮ್ಮ ಅಜ್ಜಿಯ ಇನ್ನೊಂದು ಕಣ್ಣು ಮುಂದಿನ ತಿಂಗಳು ಅಲ್ವಾ?" ಎಂದು ಕೇಳಿದರು.

ಆ ಸಂಜೆ ನಾನು ನಿನಗೆ ಹೇಳಿದೆ, "ನಾಳೆ ನಾನು ಹೋಗಲ್ಲ ಅಮ್ಮ" ಎಂದು. ನೀನು, "ಇನ್ನು ಅರ್ಧ ದಿನ ತಾನೇ, ಅತಿಥಿ ಬೇಜಾರು ಮಾಡ್ಕೋತಾರೆ" ಎಂದು ನನ್ನ ಜಡೆ ಹಾಕಿದೆ. ನಾನು ಹೋದೆ. ವೇದಿಕೆಯ ಮೇಲೆ ನಿಂತು ಅವರ ಗುಣಗಾನ ಮಾಡಿದೆ. ಅಜ್ಜಿಗೆ ಇನ್ನೊಂದು ಕಣ್ಣೂ ಬಂತು.

ಊರಿಗೆ ಬಂದರೆ ಒಂದು ರಾತ್ರಿಯೂ ನಿಲ್ಲುವುದಿಲ್ಲ ಎಂದು ಬೈಯುತ್ತಿದ್ದೆಯಲ್ಲ, ಈಗ ಗೊತ್ತಾಯಿತೇ? ನನ್ನ ತಂಗಿಯನ್ನು ಆ ಮಹಡಿಗೆ ಹತ್ತಿಸಬೇಡ.

ನಿನ್ನ ಮಗಳು

ಅಕ್ಟೋಬರ್ ೨೪

ಮಗಳೇ,

ಪುರಭವನದ ಪರದೆಗಳಿಗೆ ನೀಲಿ ಬಟ್ಟೆ ಆರಿಸಿದ್ದೇವೆ. ನಾನು ಹಸಿರು ಎಂದೆ, ಉಳಿದವರಿಗೆ ನೀಲಿಯೇ ಬೇಕು. ಬಾಡಿಗೆ ಕುರ್ಚಿ ಪಕ್ಕದೂರಿನಿಂದ ಬರುತ್ತವೆ. ಹಿಂದಿನ ಮೆಟ್ಟಿಲಿಗೆ ಮರದ ಡಿಪೋದವರು ಹಲಗೆ ಹೊಡೆಸಿದರು. ಮರುದಿನವೇ ಅಲೆ ಬಂದು ಹಲಗೆಯನ್ನು ಎತ್ತಿಕೊಂಡು ಹೋಯಿತು.

ಕಣ್ಣಿನ ಶಿಬಿರ ಮುಗಿಯಿತು. ತುಂಬಾ ಜನ ಬಂದಿದ್ದರು. ಪುಟ್ಟಿಗೆ ಜ್ವರ ಎಂದು ಹೇಳಿ ಕಳಿಸಲಿಲ್ಲ. ಅವಳಿಗೆ ಜ್ವರ ಇರಲಿಲ್ಲ. ನೀನು ಫೋನು ಮಾಡಿದಾಗ ಅವಳೇ ಎತ್ತಿದಳು, "ಹುಷಾರಾಗಿದೀಯಾ" ಎಂದು ಕೇಳಿ ಇಟ್ಟುಬಿಟ್ಟೆಯಂತೆ. ನಾನು ಪಕ್ಕದಲ್ಲೇ ಇದ್ದೆ. ಕೈ ಚಾಚಲು ಆಗಲಿಲ್ಲ.

ಊಟದ ಏರ್ಪಾಡು ಇನ್ನೂ ಆಗಿಲ್ಲ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗಿದೆ. ಈಚೆಗೆ ನನಗೆ ನಿದ್ದೆ ಕಡಿಮೆ.

ಅಮ್ಮ

ನವೆಂಬರ್ ೬

ಅಕ್ಕಾ,

ಕಾಗದ ಬರೆದು ನನಗೆ ಅಭ್ಯಾಸವಿಲ್ಲ, ತಪ್ಪಿದ್ದರೆ ನಗಬೇಡ. ಫೋನು ಅಮ್ಮನ ಮಂಚದ ಪಕ್ಕದಲ್ಲೇ ಇರುವುದರಿಂದ ಇದನ್ನು ಕಾಲೇಜಿನಲ್ಲಿ ಕೂತು ಬರೆಯುತ್ತಿದ್ದೇನೆ.

ಅಮ್ಮನಿಗೆ ಏನೋ ಆಗಿದೆ. ಒಂದು ದಿನ ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡು ಅತಿಥಿಗೃಹಕ್ಕೆ ಹೋದಳು. ಹಿಂದೆಯೇ ಹೋಗಿ ನೋಡಿದರೆ ಮಹಡಿಯ ಕೋಣೆಯಲ್ಲಿ ಸ್ಟೂಲಿನ ಮೇಲೆ ನಿಂತು ಬಾಗಿಲ ಒಳಗಿನ ಚಿಲಕವನ್ನು ಕಳಚುತ್ತಿದ್ದಾಳೆ! ಮೇಲಿನದು, ಕೆಳಗಿನದು, ಬಚ್ಚಲಿನದು ಕೂಡ. "ಏನಮ್ಮಾ ಇದು, ಡಾಕ್ಟರು ಬಟ್ಟೆ ಹೇಗೆ ಬದಲಾಯಿಸ್ತಾರೆ?" ಎಂದು ಕೇಳಿದರೆ, "ತುಕ್ಕು ಹಿಡಿದಿದೆ" ಎಂದಳು. ಚಿಲಕ ಹೊಳೆಯುತ್ತಿತ್ತು, ಅಕ್ಕ. ಎಲ್ಲವನ್ನೂ ಒಯ್ದು ಪುರಭವನದ ಹಿಂದಿನ ಮೆಟ್ಟಿಲಿನಿಂದ ಸಮುದ್ರಕ್ಕೆ ಎಸೆದಳು.

ಅದೂ ಹೋಗಲಿ. ಜೊತೆಗಾರ್ತಿ ನಾನಲ್ಲವಂತೆ, ಅಮ್ಮನೇ ಅಂತೆ! ಮರದ ಡಿಪೋದವರು ಮನೆಗೇ ಬಂದು ಹೇಳಿದರು, "ಅಧ್ಯಕ್ಷರೇ ಬ್ಯಾಗು ಹಿಡ್ಕೊಂಡು ಓಡಾಡಿದ್ರೆ ನಾಲ್ಕು ಜನ ಏನಂತಾರೆ ಮೇಡಂ? ಡಾಕ್ಟರು ಬೇಜಾರು ಮಾಡ್ಕೊಂಡಿದಾರೆ." ಅಮ್ಮ, "ನಿಯಮದಲ್ಲಿ ಸದಸ್ಯರು ಅಂತಿದೆ. ನಾನು ಸದಸ್ಯೆ. ಕಾಫಿ ಕುಡೀತೀರಾ?" ಎಂದಳು. ಅವರು ಕುಡಿಯದೆ ಎದ್ದು ಹೋದರು.

ನನ್ನ ತರಬೇತಿಯ ಗತಿ ಏನು? ಡಾಕ್ಟರು ಇನ್ನು ನನ್ನನ್ನು ತೆಗೆದುಕೊಳ್ಳುತ್ತಾರಾ? ನಾನು ಎರಡು ದಿನ ಊಟ ಬಿಟ್ಟೆ. ಅಮ್ಮ ತಟ್ಟೆಯ ಮುಂದೆ ನನ್ನನ್ನೇ ನೋಡುತ್ತಾ ಕೂತಿದ್ದಳು, ಬೈಯಲಿಲ್ಲ. ಅಮ್ಮ ಬೈಯಲಿಲ್ಲ ಎಂದರೆ ನಿನಗೆ ಅರ್ಥವಾಗಬೇಕು. ನನಗೆ ಹೆದರಿಕೆ. ನೀನಾದರೂ ಅವಳಿಗೆ ಬುದ್ಧಿ ಹೇಳು.

ನಿನ್ನ
ಪುಟ್ಟಿ

ನವೆಂಬರ್ ೧೩

ಪುಟ್ಟಿ,

ಅಮ್ಮನ ಬುದ್ಧಿ ಸರಿಯಾಗಿದೆ. ಇಷ್ಟು ಸರಿಯಾಗಿ ಹಿಂದೆ ಯಾವತ್ತೂ ಇರಲಿಲ್ಲ.

ಆ ಕೋಣೆಗೆ ಒಂದು ಸಲ ನಾನು ಹೋಗಿದ್ದೆ. ಆ ಡಾಕ್ಟರು ಒಳಗಿನಿಂದ ಚಿಲಕ ಹಾಕಿದರು. ಉಳಿದದ್ದನ್ನು ನೀನು ಊಹಿಸಬಲ್ಲೆ, ಚಿಕ್ಕ ಹುಡುಗಿಯಲ್ಲ. ಕಾಗದದಲ್ಲಿ ಇನ್ನೊಮ್ಮೆ ಬರೆಯುವ ಶಕ್ತಿ ನನಗಿಲ್ಲ. ನೀನು ಓದಿದ್ದೆಲ್ಲ ನಿನ್ನ ಸ್ವಂತ ಬುದ್ಧಿಯಿಂದ. ಕಣ್ಣಿನ ಆಸ್ಪತ್ರೆಗಳು ಊರಿಗೆ ಹತ್ತು ಇವೆ, ಒಂದಲ್ಲ ಒಂದು ಕಡೆ ಸಿಕ್ಕೇ ಸಿಗುತ್ತದೆ.

ಸಮಾವೇಶ ಮುಗಿಯುವ ತನಕ ಅಮ್ಮನ ಕಣ್ಣಳತೆಯಲ್ಲಿರು. ಯಾರು ಕೀಲಿಕೈ ಕೊಟ್ಟರೂ ತೆಗೆದುಕೊಳ್ಳಬೇಡ. ಊಟ ಮಾಡು.

ಅಕ್ಕ

ನವೆಂಬರ್ ೨೨

ಮಗಳೇ,

ಪುಟ್ಟಿ ನಿನ್ನ ಕಾಗದ ಓದಿ ಬಂದವಳು ನನ್ನ ಹಾಸಿಗೆಯಲ್ಲಿ ಮಲಗಿದಳು, ಚಿಕ್ಕವಳಿದ್ದಾಗಿನ ಹಾಗೆ.

ನೀನು ಬರೆದದ್ದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ನಾಲ್ಕು ಸಲ ಬರೆದು ಹರಿದೆ. ಆ ಸಂಜೆ ನಿನ್ನ ಕೂದಲು ಒದ್ದೆಯಿತ್ತು, ಅದು ನನಗೆ ನೆನಪಿದೆ. ಅದಕ್ಕಿಂತ ಹೆಚ್ಚು ಬರೆದರೆ ನನ್ನ ದುಃಖವನ್ನೂ ನೀನೇ ಹೊರಬೇಕಾಗುತ್ತದೆ. ಹಾಗಾಗಿ ಬರೆಯುವುದಿಲ್ಲ.

ಡಾಕ್ಟರಿಗೆ ನನ್ನ ಮೇಲೆ ಅನುಮಾನ ಬಂದಿದೆ. ಮೊನ್ನೆ ಫೋನಿನಲ್ಲಿ, "ಟೀಚರಮ್ಮ, ದೊಡ್ಡ ಮಗಳು ಏನಾದ್ರೂ ಕಾಗದ ಬರೆದಿದ್ಲಾ?" ಎಂದು ಕೇಳಿದರು. ಎಷ್ಟು ಮೆತ್ತಗಿನ ದನಿ! "ಹವಾ ಹೇಗಿದೆ ಅಂತ ಬರೆದಿದ್ಲು ಸಾರ್" ಎಂದೆ. "ಹೆಣ್ಣುಮಕ್ಕಳ ವಿಷಯ, ಜನ ಏನೇನೋ ಮಾತಾಡ್ತಾರೆ. ಚಿಕ್ಕವಳಿಗೂ ಮದುವೆ ಆಗ್ಬೇಕಲ್ವಾ?" ಎಂದರು. ಮಾರನೆಯ ದಿನದಿಂದ ಮರದ ಡಿಪೋದವರ ಕಾರು ಪುಟ್ಟಿಯ ಕಾಲೇಜಿನ ದಾರಿಯಲ್ಲಿ ಆಗಾಗ ಕಾಣುತ್ತಿದೆ. ಅವಳನ್ನು ನಾನೇ ಬಿಟ್ಟು, ನಾನೇ ಕರೆತರುತ್ತೇನೆ.

ಈಗ ನಿನ್ನನ್ನು ಒಂದು ಕೇಳಬೇಕು. ಜೊತೆಗಾರ್ತಿ ನಾನು. ಪರಿಚಯ ಭಾಷಣ ನನ್ನದು. ಇಡೀ ಪ್ರಾಂತ್ಯದ ಕ್ಲಬ್ಬುಗಳು ಕೂತಿರುತ್ತವೆ. ಅವರ ಪೂರ್ತಿ ಪರಿಚಯ ಹೇಳಬೇಕೆಂದಿದ್ದೇನೆ, ಒಂದೂ ಬಿಡದೆ. ಆದರೆ ಆ ಮಾತು ನಿನ್ನದು, ನನ್ನದಲ್ಲ. ನೀನು ಬೇಡ ಎಂದರೆ ಬಾಯಿ ಮುಚ್ಚಿಕೊಂಡು ಬ್ಯಾಗು ಹಿಡಿದು ಮೂರು ದಿನ ಕಳೆಯುತ್ತೇನೆ. ಪುಟ್ಟಿಯನ್ನಾದರೂ ಉಳಿಸಿಕೊಂಡ ಹಾಗಾಯಿತು.

ಹೇಳು. ಏನು ಹೇಳಿದರೂ ನನಗೆ ಒಪ್ಪಿಗೆ.
ಅಮ್ಮ

ನವೆಂಬರ್ ೨೯

ಅಮ್ಮ,

ಮೂರು ದಿನ ಯೋಚಿಸಿದೆ. ಒಂದು ಯೂನಿಟ್ ರಕ್ತಕ್ಕೆ ತಪ್ಪು ಚೀಟಿ ಅಂಟಿಸಿ, ಸದ್ಯ ಕೊನೆಯ ಗಳಿಗೆಯಲ್ಲಿ ನೋಡಿಕೊಂಡೆ. ಇಷ್ಟು ವರ್ಷದಲ್ಲಿ ಹಾಗಾಗಿರಲಿಲ್ಲ.

ಹೇಳು. "ಒಬ್ಬ ಹುಡುಗಿ" ಎನ್ನಬೇಡ. ನನ್ನ ಹೆಸರು ಹಿಡಿದು ಹೇಳು.

ನನಗೆ ಭಯವಾಗುತ್ತಿದೆ, ಅಮ್ಮ. ಆದರೂ ಹೇಳು.

ನಿನ್ನ ಮಗಳು

ಡಿಸೆಂಬರ್ ೧೭

ಮಗಳೇ,

ಈ ಕಾಗದ ಪುಟ್ಟಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ಅವಳನ್ನು ವಾಪಸು ಕಳಿಸಬೇಡ. ಎಷ್ಟೇ ಅತ್ತರೂ ಕಳಿಸಬೇಡ. ಅಲ್ಲೇ ಯಾವುದಾದರೂ ಆಸ್ಪತ್ರೆಯಲ್ಲಿ ಸೇರಿಸು. ಕಾಲೇಜಿನ ಕಾಗದಪತ್ರ ಎಲ್ಲ ಪೆಟ್ಟಿಗೆಯ ತಳದಲ್ಲಿವೆ.

ಇಲ್ಲಿಯ ಸ್ಥಿತಿ ಹೀಗಿದೆ. ಹಾಲಿನವನು ಗೇಟಿನ ಹತ್ತಿರ ಬರುವುದು ನಿಲ್ಲಿಸಿದ್ದಾನೆ. ಫೋನು ಬಡಿದುಕೊಳ್ಳುತ್ತದೆ, ಎತ್ತಿದರೆ ಯಾರೂ ಮಾತಾಡುವುದಿಲ್ಲ, ಉಸಿರು ಮಾತ್ರ ಕೇಳುತ್ತದೆ. ನಿನ್ನೆ ಬೆಳಗಿನಿಂದ ರಸ್ತೆಯಾಚೆ ಒಂದು ಕಾರು ನಿಂತಿದೆ, ಒಳಗೆ ಇಬ್ಬರು. ಪೊಲೀಸರಿಗೆ ಹೇಳಿದೆ. "ರಸ್ತೇಲಿ ಕಾರು ನಿಲ್ಸೋದು ತಪ್ಪೇನಮ್ಮ?" ಎಂದರು. ಅಧ್ಯಕ್ಷರ ಸರವನ್ನು ಮರದ ಡಿಪೋದವರು ಬಂದು ಒಯ್ದರು. ನನ್ನ ಮುಖ ನೋಡದೆ, "ನಿಮಗೆ ಇದೆಲ್ಲ ಯಾಕೆ ಬೇಕಿತ್ತು ಮೇಡಂ? ಅವರು ಬಿಡೋರಲ್ಲ" ಎಂದು ಹೇಳಿ ಹೋದರು. ನಾನು ಹೆದರಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮನೆ ಬಿಡುವುದಿಲ್ಲ. ಇಬ್ಬರೂ ಹೊರಟರೆ ಓಡಿಹೋದರು ಎನ್ನುತ್ತಾರೆ. ಪುಟ್ಟಿಯನ್ನು ಹಿಂದಿನ ಬಾಗಿಲಿನಿಂದ ಪಕ್ಕದ ಮನೆಯ ನರ್ಸಮ್ಮ ಕರೆದುಕೊಂಡು ಹೋಗಿ ರೈಲು ಹತ್ತಿಸುತ್ತಾರೆ. ಅವರು ಇಷ್ಟು ವರ್ಷ ಅದೇ ಡಾಕ್ಟರ ಶಿಬಿರಗಳಲ್ಲಿ ಕೆಲಸ ಮಾಡಿದವರು. ನಾನು ಏನೂ ಹೇಳದಿದ್ದರೂ ತಾವೇ ಬಂದು, "ಹುಡುಗೀನ ನಾನು ಬಿಟ್ಟು ಬರ್ತೀನಿ" ಎಂದರು. ಯಾಕೆಂದು ನಾನು ಕೇಳಲಿಲ್ಲ.

ಈಗ ಸಮಾವೇಶದ ವಿಷಯ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡ.

ಮೊದಲ ದಿನದಿಂದ ಡಾಕ್ಟರನ್ನು ಬಿಟ್ಟು ಒಂದು ಹೆಜ್ಜೆ ಆಚೆ ಹೋಗಲಿಲ್ಲ. ಕಾರಿನಲ್ಲಿ ಪಕ್ಕದಲ್ಲಿ, ಊಟಕ್ಕೆ ಎದುರಿನಲ್ಲಿ, ಅವರು ಮಲಗುವ ಹೊತ್ತಿಗೆ ಬಾಗಿಲಾಚೆ ಕುರ್ಚಿಯಲ್ಲಿ. ಚಿಲಕ ಇಲ್ಲದ್ದನ್ನು ನೋಡಿದರು, ಕೇಳಲಿಲ್ಲ. ಎರಡನೆಯ ದಿನ ಪುರಭವನದಲ್ಲಿ ಸ್ವಾಗತದ ಮೇಜಿನ ಹತ್ತಿರ ಬೇರೆ ಊರಿನ ಕ್ಲಬ್ಬಿನ ಒಬ್ಬ ಹುಡುಗಿ ಬ್ಯಾಡ್ಜು ಹಂಚುತ್ತಿದ್ದಳು. ನಮ್ಮ ಪುಟ್ಟಿಯದೇ ವಯಸ್ಸು. ಇವರು ಜೇಬು ತಟ್ಟಿಕೊಂಡು, "ಭಾಷಣದ ಹಾಳೆ ಕೋಣೇಲಿ ಬಿಟ್ಟುಬಂದೆ, ತಂದುಕೊಡ್ತೀಯಾ ಮಗು" ಎಂದು ಕೀಲಿಕೈ ಚಾಚಿದರು. ನನ್ನೆದುರಿಗೇ, ಮಗಳೇ! ನಿನ್ನ ಕಾಗದದ ಮಾತು ಅಕ್ಷರ ತಪ್ಪದೆ ಅವರ ಬಾಯಿಂದ ಬಂತು. ಅಲ್ಲಿಯ ತನಕ ನನ್ನೊಳಗೆ ಎಲ್ಲೋ ಒಂದು ಎಳೆ ಅನುಮಾನ ಉಳಿದಿತ್ತು, ನಿನ್ನ ಅಜ್ಜಿಗೆ ಕಣ್ಣು ಕೊಟ್ಟವರು ಹೀಗೆ ಮಾಡಿಯಾರೇ ಎಂದು. ಅದು ಅಲ್ಲಿಗೆ ಸತ್ತಿತು. ಆ ಹುಡುಗಿ ಕೈ ನೀಡುವಷ್ಟರಲ್ಲಿ ನಾನು ಕೀಲಿ ತೆಗೆದುಕೊಂಡೆ. "ನಡೀರಿ ಸಾರ್, ನಾನೇ ಜೊತೆಗೆ ಬರ್ತೀನಿ" ಎಂದೆ. "ಬೇಡ ಬಿಡಿ, ನನಗೆ ಬಾಯಿಪಾಠ ಇದೆ" ಎಂದರು.

ಕೊನೆಯ ದಿನ ಪರಿಚಯ ಭಾಷಣ. ಪುಟ್ಟಿಯನ್ನು ಮೊದಲ ಸಾಲಿನಲ್ಲಿ ನನ್ನ ಕಣ್ಣೆದುರಿಗೇ ಕೂರಿಸಿದ್ದೆ. ಅವರು ಓದಿದ್ದು, ಅವರ ಶಿಬಿರಗಳು, ನನ್ನ ತಾಯಿಗೆ ಕಣ್ಣು ಕೊಟ್ಟಿದ್ದು, ಎಲ್ಲ ಹೇಳಿದೆ. ಆಮೇಲೆ, "ಕಳೆದ ಸಲ ಇದೇ ಊರಿನ ಅತಿಥಿಗೃಹದಲ್ಲಿ, ಇವರ ಜೊತೆಗಾರ್ತಿಯಾಗಿದ್ದ ನನ್ನ ಹಿರಿಯ ಮಗಳನ್ನು ಕೋಣೆಗೆ ಕಳಿಸಿ, ಚಿಲಕ ಹಾಕಿ, ಅವಳ ಮೇಲೆ ಕೈ ಹಾಕಿದವರೂ ಇವರೇ" ಎಂದೆ. ನಿನ್ನ ಹೆಸರು ಹೇಳಿದೆ. ಸ್ಪಷ್ಟವಾಗಿ ಹೇಳಿದೆ. ದನಿ ನಡುಗಲಿಲ್ಲ. ಹೇಳಿ, ಬಂದು ನನ್ನ ಜಾಗದಲ್ಲಿ ಕೂತೆ.

ಮಗಳೇ, ಜನ ಚಪ್ಪಾಳೆ ತಟ್ಟಿದರು.

ಇಡೀ ಪುರಭವನ ತಟ್ಟಿತು. ನಮ್ಮ ಕ್ಲಬ್ಬಿನವರನ್ನು ನೀನು ಕಂಡಿದ್ದೀಯ. ಪರಿಚಯ ಭಾಷಣವನ್ನು ಯಾರೂ ಕೇಳುವುದಿಲ್ಲ, ಊಟದ ಮೆನು ಓದುತ್ತಾ ಪಕ್ಕದವರ ಜೊತೆ ಪಿಸುಗುಡುತ್ತಾ ಇರುತ್ತಾರೆ. ದನಿ ನಿಂತಿತು ಎಂದರೆ ಕೈ ತಾನಾಗಿ ಏಳುತ್ತದೆ. ಪುಟ್ಟಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅಲ್ಲೊಂದು ಇಲ್ಲೊಂದು ಮುಖ ಮಾತ್ರ ಬಿಳಿಚಿಕೊಂಡಿತ್ತು. ಉಳಿದವರೆಲ್ಲ ನಗುನಗುತ್ತಾ ತಟ್ಟುತ್ತಿದ್ದರು.

ಡಾಕ್ಟರು ಎದ್ದು ನಿಂತರು. ಒಂದೊಂದು ಅಕ್ಷರವೂ ಅವರಿಗೆ ಕೇಳಿಸಿತ್ತು, ಕಿವಿ ಕೆಂಪಾಗಿತ್ತು. ಆದರೆ ಆ ಜನ ಎಂಥವರು ಎಂದು ಅವರಿಗೂ ಗೊತ್ತು. ನನ್ನ ಕಡೆ ತಿರುಗಿ ಕೈ ಮುಗಿದು, ಮೈಕಿನಲ್ಲಿ, "ಸಹೋದರಿಯವರ ಅಭಿಮಾನ ದೊಡ್ಡದು" ಎಂದರು. ಮತ್ತೆ ಚಪ್ಪಾಳೆ. ಆ ಚಪ್ಪಾಳೆಯ ನಡುವೆ ನನ್ನನ್ನು ನೋಡಿ ಸಣ್ಣಗೆ ನಕ್ಕರು. ಆ ನಗು ನೋಡಿದ ಮೇಲೆ ನನ್ನಿಂದ ಕೂರಲಾಗಲಿಲ್ಲ. ಎದ್ದು ಹೋಗಿ ಅವರ ಬಾಯಿಯ ಮುಂದಿನಿಂದ ಮೈಕು ಎಳೆದುಕೊಂಡೆ.

ಈ ಸಲ ಮೊದಲೇ ಹೇಳಿದೆ, "ಯಾರೂ ಚಪ್ಪಾಳೆ ತಟ್ಟಬೇಡಿ."

ನಿನ್ನ
ಅಮ್ಮ